ಹಗುರ ಕೋವಿಗೆ ಭಾರದ ತೋಟೆ

ಕೋವಿ ಮತ್ತು ತೋಟೆಯ ವಿಷಯದಲ್ಲಿ ಮಸ್ಕತ್ತಿನ ಮತ್ರಾದಿಂದ ರುಸ್ತಾಕ್‌ವರೆಗೆ ನನಗೆ ಸಮನಾದ ತಜ್ಞ ಮತ್ತೊಬ್ಬನಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದದ್ದು ತೊಂಬತ್ತಮೂರನೆಯ ಇಸವಿಯ ಒಂದು ಶನಿವಾರ ಬೆಳಿಗ್ಗೆ. ಆ ತೀರ್ಮಾನ ನನ್ನೊಬ್ಬನದೇ ಆಗಿತ್ತು. ಅದನ್ನು ನನ್ನೊಳಗೇ ಇಟ್ಟುಕೊಂಡಿದ್ದರೆ ನನ್ನ ಹಣೆ ಇವತ್ತೂ ನುಣ್ಣಗೆ ಇರುತ್ತಿತ್ತು. ನೆನೆದಾಗಲೆಲ್ಲ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂಬುದನ್ನು ಮಾತ್ರ ನಿರ್ಧರಿಸಲು ಆಗಿಲ್ಲ.

ಅಸಲಿಗೆ ನಾನು ಅಂದು ಮಾಡಬೇಕಾಗಿದ್ದ ಕೆಲಸ ಒಂದೇ: ರಜೆ ಕೇಳುವುದು. ನನ್ನ ಹೆಂಡತಿ ಹರಿಣಾಕ್ಷಿಯ ತಂಗಿ ಉಮಾವತಿಗೆ ಸುರತ್ಕಲ್ಲಿನಲ್ಲಿ ಮದುವೆ ಗೊತ್ತಾಗಿತ್ತು. ಅಕ್ಕನೂ ಭಾವನೂ ಇಲ್ಲದೆ ಧಾರೆ ಎರೆಯುವ ಹಾಗಿಲ್ಲವೆಂದು ಅಲ್ಲಿಂದ ಫೋನು ಬಂದಿತ್ತು. ಹರಿಣಾಕ್ಷಿ ಮತ್ರಾದ ಸೂಕ್ ಪೇಟೆಯಿಂದ ಸೀರೆ, ಅತ್ತರು, ಟಾರ್ಚು, ಬಾದಾಮಿ ಎಲ್ಲವನ್ನೂ ತಂದು ಸೂಟ್‌ಕೇಸಿಗೆ ತುಂಬಿ, ಮುಚ್ಚಳದ ಮೇಲೆ ನನ್ನನ್ನೇ ಕೂರಿಸಿ ಬೀಗ ಹಾಕಿದ್ದಳು. ಉಳಿದದ್ದು ರಜೆಯೊಂದೇ. ಆಫೀಸಿಗೆ ಹೋದ ತಕ್ಷಣ ಕೇಳಬೇಕು, ಬೇರೆ ಯಾವ ವಿಷಯವನ್ನೂ ಎತ್ತಬಾರದು ಎಂದು ಬಾಗಿಲಲ್ಲಿ ನಿಂತು ಮತ್ತೊಮ್ಮೆ ಪಾಠ ಒಪ್ಪಿಸಿಕೊಂಡಿದ್ದಳು.

ನಮ್ಮ ಕಫೀಲರ, ಅಂದರೆ ನನಗೆ ವೀಸಾ ಕೊಟ್ಟ ಅರಬಿ ಧಣಿಯ, ಮಗ ಹಮೂದ್ ಅಮೆರಿಕದಲ್ಲಿ ಓದಿ ಬಂದವನು. ಆಫೀಸನ್ನು ಈಗ ಅವನೇ ನೋಡಿಕೊಳ್ಳುತ್ತಿದ್ದ. ನಾನು ಕೋಣೆಗೆ ಹೋದಾಗ ಅವನ ಮೇಜಿನ ತುಂಬ ಕೋವಿಗಳ ಚಿತ್ರ. ಕೊಲೊರಾಡೋದ ಹಳೆಯ ಸಹಪಾಠಿಯೊಬ್ಬ ಬರುವ ಚಳಿಗಾಲದ ಮುಂಚೆ ಜಿಂಕೆ ಮತ್ತು ಎಲ್ಕ್ ಬೇಟೆಗೆ ಕರೆದಿದ್ದನಂತೆ. ಎಲ್ಕ್ ಎಂದರೆ ನಮ್ಮ ಕಡವೆಯ ಅಣ್ಣನಂಥದ್ದು, ಮರದಂಥ ಕೊಂಬು, ಕೋಣದಂಥ ಮೈ. ಬೆಟ್ಟ ಹತ್ತಬೇಕಾದ್ದರಿಂದ ಹಮೂದ್ ಹಗುರದ ರೈಫಲ್ ಒಂದನ್ನು ಅಲ್ಲಿಯೇ ಮಾಡಿಸಲು ಹೊರಟಿದ್ದ. ಆದರೆ ಯಾವ ತೋಟೆಗೆ ಹೊಂದುವ ನಳಿಗೆ ಬೇಕೆಂದು ಮೊದಲೇ ಹೇಳಬೇಕಿತ್ತು. ಟೂ ಸೆವೆಂಟಿಯೋ, ತ್ರೀ ಹಂಡ್ರೆಡ್ ಮ್ಯಾಗ್ನಮ್ಮೋ? ಮೊದಲನೆಯದು ಸೌಮ್ಯ, ಜಿಂಕೆಗೆ ಧಾರಾಳ. ಎರಡನೆಯದು ಎಲ್ಕನ್ನು ನಿಂತಲ್ಲೇ ಮಲಗಿಸುವಂಥದ್ದು. ಅವನು ನನ್ನನ್ನು ಕೇಳಲಿಲ್ಲ. ತನ್ನಷ್ಟಕ್ಕೆ ತಾನೇ ಗೊಣಗಿಕೊಳ್ಳುತ್ತಿದ್ದ.

ಬಾಯಿ ಹಾಕಿದವನು ನಾನೇ. ಊರಿನಲ್ಲಿ ನಮ್ಮ ಸೋದರಮಾವನಿಗೆ ಲೈಸೆನ್ಸಿನ ತೋಟೆಕೋವಿ ಇತ್ತು. ಹುಡುಗನಾಗಿದ್ದಾಗ ನಾನು ಅವರ ಹಿಂದೆ ತೋಟೆಯ ಚೀಲ ಹೊತ್ತುಕೊಂಡು ಹಂದಿ ಬೇಟೆಗೆ ಹೋಗುತ್ತಿದ್ದೆ. ಈ ಚೀಲ ಹೊತ್ತದ್ದನ್ನೇ ನಾನು ಹಮೂದನ ಮುಂದೆ ಕೊಂಚ ಬೆಳೆಸಿ, ಪಶ್ಚಿಮಘಟ್ಟದ ಅರ್ಧ ಮೃಗಸಂಪತ್ತು ನನ್ನ ಸಲಹೆಯಿಂದಲೇ ಕಡಿಮೆಯಾಯಿತು ಎಂಬಂತೆ ವರ್ಣಿಸಿದೆ. ಅವನು ಆಸಕ್ತಿಯಿಂದ ಕೇಳಿ, ಕ್ಯಾಟಲಾಗುಗಳನ್ನೆಲ್ಲ ನನ್ನ ಕೈಗೆ ತುಂಬಿ, ಓದಿ ಅಭಿಪ್ರಾಯ ಹೇಳು ಎಂದ. ರಜೆಯ ವಿಷಯ ಮರೆತೇಹೋಯಿತು.

ಮನೆಗೆ ಬಂದಾಗ ಹರಿಣಾಕ್ಷಿ ನನ್ನ ಮುಖ ನೋಡಲಿಲ್ಲ, ಕಂಕುಳಲ್ಲಿದ್ದ ಕಟ್ಟು ನೋಡಿದಳು.

“ರಜೆ ಕೇಳ್ಲಿಕ್ಕೆ ಹೋದವರು ಎಂತ ತಂದದ್ದು ಅದು?”

ಅದು ತೋಟೆಯ ಪುಸ್ತಕವೆಂದೂ, ಇದೊಂದು ಕೆಲಸ ಮಾಡಿಕೊಟ್ಟರೆ ಹಮೂದ್ ರಜೆಯನ್ನು ತಾನಾಗಿಯೇ ಕೊಡುತ್ತಾನೆಂದೂ ನಾನು ವಿವರಿಸಿದೆ. ಅವಳು ನೇರ ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆಗಳು ಉತ್ತರ ಕೊಟ್ಟವು.

ಆ ವಾರವೆಲ್ಲ ನಾನು ಊಟದ ಮೇಜಿನ ಮೇಲೆ ಕ್ಯಾಟಲಾಗು ಹರಡಿಕೊಂಡು ಗುಂಡಿನ ತೂಕ, ವೇಗ, ದೂರ ಎಲ್ಲವನ್ನೂ ಅರೆದು ಕುಡಿದೆ. ಅವಳು ನೀರುದೋಸೆಯ ತಟ್ಟೆಯನ್ನು ಎಲ್ಕಿನ ಮುಖದ ಮೇಲೆಯೇ ಇಡುತ್ತಿದ್ದಳು. ನಾನು ದೋಸೆ ಸರಿಸಿ ಓದುತ್ತಿದ್ದೆ. ಕೋವಿ ಹಗುರವಾದಷ್ಟೂ ಅದರ ಹಿಂದೊದೆತ ಭುಜಕ್ಕೆ ಜಾಸ್ತಿ ಎಂದು ಒಂದು ಕಡೆ ಬರೆದಿತ್ತು. ಅದು ಹಾಲು ಕುಡಿಯುವ ಮಕ್ಕಳಿಗೆ ಬರೆದ ಎಚ್ಚರಿಕೆ ಎಂದುಕೊಂಡು ಪುಟ ಮಗುಚಿದೆ. ಬುಧವಾರ ಹಮೂದನ ಮುಂದೆ ನಿಂತು ನನ್ನ ತೀರ್ಪು ಕೊಟ್ಟೆ: ಪ್ರಾಣಿ ದೊಡ್ಡದು, ಆದ್ದರಿಂದ ತೋಟೆ ದೊಡ್ಡದು, ಗಂಡಸಾದವನಿಗೆ ತ್ರೀ ಹಂಡ್ರೆಡ್ ಮ್ಯಾಗ್ನಮ್ಮೇ ಸರಿ, ಮಿಕ್ಕಿದ್ದೆಲ್ಲ ಕಾಗೆ ಓಡಿಸಲಿಕ್ಕೆ.

ಹಮೂದ್ ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದ. ರುಸ್ತಾಕ್‌ನಲ್ಲಿ ತನ್ನ ಚಿಕ್ಕಪ್ಪನ ಬಳಿ ಹಗುರದ ಮ್ಯಾಗ್ನಂ ರೈಫಲ್ ಇದೆ, ಶುಕ್ರವಾರ ಅಲ್ಲಿಗೆ ಹೋಗಿ ಪರೀಕ್ಷೆ ಮಾಡೋಣ, ಮೊದಲ ಗುಂಡು ನಿನ್ನದು ಎಂದ. ಮನೆಯವರನ್ನೂ ಕರೆದುಕೊಂಡು ಬಾ, ಊಟ ಅಲ್ಲೇ ಎಂದೂ ಸೇರಿಸಿದ. ಅವನ ನೋಟದಲ್ಲಿ ನನಗೆ ಕಂಡದ್ದು ಗೌರವ.

ಶುಕ್ರವಾರ ಹಮೂದನ ಲ್ಯಾಂಡ್ ಕ್ರೂಸರಿನಲ್ಲಿ ಹರಿಣಾಕ್ಷಿ ಹಿಂದಿನ ಸೀಟಿನಲ್ಲಿ ಕೂತು ಮಸ್ಕತ್ತಿನಿಂದ ರುಸ್ತಾಕ್‌ವರೆಗೆ ಒಂದೇ ಮಾತು ಹೇಳಿದಳು: “ದಾರಿಯಲ್ಲಾದ್ರೂ ರಜೆ ಕೇಳಿ ಮಾರಾಯ್ರೆ.” ಗುಂಡು ಹೊಡೆದು ಅವನು ಖುಷಿಯಾದ ಮೇಲೆ ಕೇಳುತ್ತೇನೆಂದು ನಾನು ತುಳುವಿನಲ್ಲಿ ಸಮಾಧಾನ ಹೇಳಿದೆ.

ಊರಾಚೆಯ ವಾದಿಯಲ್ಲಿ, ಅಂದರೆ ಒಣಗಿದ ಹೊಳೆಯ ಕಲ್ಲು ಹಾಸಿನಲ್ಲಿ, ಚಿಕ್ಕಪ್ಪ ಕಾಯುತ್ತಿದ್ದರು. ಬಿಳಿ ಗಡ್ಡದ ಗಂಭೀರ ಮುದುಕರು. ಅವರ ನಾಲಗೆಯಲ್ಲಿ ‘ಪ’ ಅಕ್ಷರಕ್ಕೆ ಜಾಗವಿರಲಿಲ್ಲ. ಹಾಗಾಗಿ ಸಂಕಪ್ಪನಾದ ನಾನು ಅವರ ಬಾಯಲ್ಲಿ ಸಂಕಬ್ಬನಾಗಿ, ನಮ್ಮ ಕರಾವಳಿಯ ಯಾವುದೋ ಬ್ಯಾರಿ ಮುಸಲ್ಮಾನರ ಅಜ್ಜನಂತೆ ಕೇಳಿಸುತ್ತಿದ್ದೆ. ನನ್ನ ಬೆನ್ನಿನ ಹಿಂದೆ ಸ್ವಲ್ಪ ದೂರದಲ್ಲಿ ಚಾಪೆ ಹಾಸಿ, ದೊಡ್ಡ ಹರಿವಾಣದಲ್ಲಿ ಅನ್ನ, ಅದರ ಮೇಲೆ ಬೇಯಿಸಿದ ಮಾಂಸ ಇಟ್ಟಿದ್ದರು. ಎದುರಿಗೆ ಬಂಡೆಯ ಬುಡದಲ್ಲಿ ಖಾಲಿ ಎಣ್ಣೆಡಬ್ಬಿ. ಪಕ್ಕದ ಇಳಿಜಾರಿನಲ್ಲಿ ಒಬ್ಬಾಕೆ ಆಡು ಮೇಯಿಸುತ್ತಿದ್ದಳು.

ಕೋವಿ ಕೈಗೆ ಬಂತು. ಕೊಡೆಯಷ್ಟು ಹಗುರ. ಮಾವನ ಕೋವಿಯನ್ನು ಎತ್ತುವುದೇ ಒಂದು ವ್ಯಾಯಾಮವಾಗಿತ್ತು. ಇದನ್ನು ಹರಿಣಾಕ್ಷಿಯೂ ಎತ್ತಿಯಾಳು ಎಂದುಕೊಂಡೆ. ಚಿಕ್ಕಪ್ಪ ಏನೋ ಹೇಳಿದರು. ಭುಜಕ್ಕೆ ಗಟ್ಟಿಯಾಗಿ ಒತ್ತಿಕೋ, ಕಣ್ಣನ್ನು ಕೋವಿಯ ಮೇಲಿನ ದುರ್ಬೀನಿನಿಂದ ದೂರ ಇಡು ಎನ್ನುತ್ತಿದ್ದಾರೆ ಎಂದು ಹಮೂದ್ ಹಿಂದಿಯಲ್ಲಿ ತಿಳಿಸಿದ. ನನಗೇ ಹೇಳಿಕೊಡುತ್ತಾರಲ್ಲ ಎಂದು ಸಿಟ್ಟು ಬಂತು. ಡಬ್ಬಿ ಚೆನ್ನಾಗಿ ಕಾಣಲೆಂದು ಕಣ್ಣನ್ನು ದುರ್ಬೀನಿಗೆ ಅಂಟಿಸಿ, ಕೋವಿಯನ್ನು ಮಗುವಿನಂತೆ ಮೆತ್ತಗೆ ಹಿಡಿದು ಟ್ರಿಗರ್ ಎಳೆದೆ.

ಆಮೇಲಿನದನ್ನು ನಾನು ತುಂಡು ತುಂಡಾಗಿ ಮಾತ್ರ ಹೇಳಬಲ್ಲೆ. ಬೆಟ್ಟ ಒಡೆದಂಥ ಸದ್ದು. ಭುಜಕ್ಕೆ ಲಾರಿ ಗುದ್ದಿದ ಅನುಭವ. ದುರ್ಬೀನಿನ ಬಳೆ ನನ್ನ ಹುಬ್ಬಿನ ಮೇಲೆ ಅರ್ಧಚಂದ್ರ ಬರೆಯಿತು. ಕಾಲುಗಳು ಕಲ್ಲಿನ ಮೇಲೆ ಹಿಂದಕ್ಕೆ ಓಡಿದವು, ನಾನು ಅವುಗಳ ಹಿಂದೆ ಹೋದೆ, ಮತ್ತು ಬಿಸಿ ಅನ್ನದ ಹರಿವಾಣದಲ್ಲಿ ಆಸೀನನಾದೆ. ಡಬ್ಬಿ ಇದ್ದಲ್ಲೇ ಇತ್ತು. ಆಡುಗಳು ಇರಲಿಲ್ಲ. ಸದ್ದಿಗೆ ಬೆದರಿದ ಹಿಂಡು ನೇರ ನಮ್ಮ ಚಾಪೆಯ ಮೇಲೆ ನುಗ್ಗಿ ಬಂದಿತ್ತು. ಒಂದು ಕಣ್ಣು ತೆರೆದು ನೋಡಿದಾಗ ಗಡ್ಡದ ಹೋತವೊಂದು ನನ್ನ ತೊಡೆಯ ಪಕ್ಕದಿಂದ ಅನ್ನ ತಿನ್ನುತ್ತಿತ್ತು.

ಎಲ್ಲರಿಗೂ ಒಟ್ಟಿಗೇ ಸಿಟ್ಟು ಬಂತು. ಕೋವಿ ಕಲ್ಲಿನ ಮೇಲೆ ಬಿದ್ದು ದುರ್ಬೀನು ಒಡೆದದ್ದಕ್ಕೆ ಚಿಕ್ಕಪ್ಪ ಅರಬಿಯಲ್ಲಿ ಬೈದರು. ಆಡು ಚದುರಿದ್ದಕ್ಕೆ ಆಡಿನ ಒಡತಿ ಕೋಲೆತ್ತಿಕೊಂಡು ಬಂದು ಚಿಕ್ಕಪ್ಪನನ್ನು ಬೈದಳು. ಊಟ ಹಾಳಾದದ್ದಕ್ಕೆ ಹಮೂದ್ ಇಂಗ್ಲಿಷಿನಲ್ಲಿ ಬೈದ. ನನಗೂ ಬೈಯಬೇಕೆನ್ನಿಸಿತು, ಆದರೆ ಕೂತ ಜಾಗ ಅದಕ್ಕೆ ತಕ್ಕುದಾಗಿರಲಿಲ್ಲ.

ಆಗ ಹರಿಣಾಕ್ಷಿ ಎದ್ದಳು. ಸೆರಗಿನ ತುದಿಯಿಂದ ನನ್ನ ಹಣೆಯ ರಕ್ತ ಒರೆಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಫೀಲರ ಮಗನ ಎದುರು ನಿಂತಳು.

“ಇವರಿಗೆ ಬುದ್ಧಿ ಇಲ್ಲ, ಅದು ನನಗೆ ಮದುವೆಯಾದಾಗಿನಿಂದ ಗೊತ್ತುಂಟು. ನಿಮಗೆ ಎಂತ ಆದದ್ದು? ಇವರ ಕೈಯಲ್ಲಿ ಕೋವಿ ಕೊಡುದಾ? ನನ್ನ ತಂಗಿಯ ಮದುವೆ ಉಂಟು. ಲೀವ್ ಕೊಡ್ತೀರಾ, ಇಲ್ಲ ಆ ಕೋವಿಯನ್ನು ನನ್ನ ಕೈಗೆ ಕೊಡ್ತೀರಾ? ಖಲಾಸ್.”

ಹಮೂದ್ ನನ್ನ ಕಡೆ ತಿರುಗಿದ. ಅನ್ನ ಬಹಳ ರುಚಿಯಾಗಿದೆ ಎನ್ನುತ್ತಿದ್ದಾಳೆ ಎಂದು ನಾನು ಹಿಂದಿಗೆ ಅನುವಾದಿಸಿದೆ.

“ಸಂಕಪ್ಪ, ನನಗೆ ನಿಮ್ಮ ಭಾಷೆ ಬರುವುದಿಲ್ಲ,” ಎಂದ ಅವನು. “ಆದರೆ ನನ್ನ ಅಮ್ಮನೂ ಹೀಗೇ ಮಾತಾಡುತ್ತಾಳೆ. ಲೀವ್ ಎಷ್ಟು ಬೇಕೆಂದು ಅವರನ್ನೇ ಕೇಳು.”

ಒಂದು ತಿಂಗಳು ಎಂದಳು. ಕೊಟ್ಟ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ವಾಪಸು ಬರುವಾಗ ಹಮೂದನ ಸಿಟ್ಟು ಇಳಿದಿತ್ತು. ಅಮೆರಿಕಕ್ಕೆ ಟೂ ಸೆವೆಂಟಿಯೇ ಸಾಕೆಂದು ಫೋನು ಮಾಡುತ್ತೇನೆ ಎಂದ. ಒಳ್ಳೆಯ ಗುಂಡನ್ನು ಸರಿಯಾದ ಜಾಗಕ್ಕೆ ಹೊಡೆದರೆ ಎಲ್ಕಿಗೂ ಅದು ಸಾಲುತ್ತದೆಂದು ಅಲ್ಲಿಯವರೆಲ್ಲ ಮೊದಲೇ ಹೇಳಿದ್ದರಂತೆ. ಹಾಗಾದರೆ ನನ್ನ ಅಭಿಪ್ರಾಯ ಯಾಕೆ ಬೇಕಿತ್ತು ಎಂದು ನೋವಿನಲ್ಲೇ ಕೇಳಿದೆ.

“ಅಭಿಪ್ರಾಯ ಬೇಕಿರಲಿಲ್ಲ, ಭುಜ ಬೇಕಿತ್ತು,” ಎಂದ ಹಮೂದ್. “ನಿನ್ನ ಎತ್ತರ, ತೂಕ ಎರಡೂ ನನ್ನಷ್ಟೇ ಇವೆ.”

ಹಿಂದಿನ ಸೀಟಿನಿಂದ ಹರಿಣಾಕ್ಷಿಯ ನಗು ಕೇಳಿಸಿತು. ಆ ವಾರದಲ್ಲಿ ಅದೇ ಮೊದಲು.

ಬೊಂಬಾಯಿಗೆ ವಿಮಾನ, ಅಲ್ಲಿಂದ ಬಸ್ಸು ಹಿಡಿದು ನಾವು ಸುರತ್ಕಲ್ ಮುಟ್ಟಿದಾಗ ನನ್ನ ಹುಬ್ಬಿನ ಮೇಲೆ ಪಟ್ಟಿಯಿತ್ತು, ಕಣ್ಣಿನ ಸುತ್ತ ಬದನೆಕಾಯಿಯ ಬಣ್ಣವಿತ್ತು, ಬಲಗೈ ಮೇಲೇಳುತ್ತಿರಲಿಲ್ಲ. ಚಪ್ಪರದಲ್ಲಿ ಎಲ್ಲರಿಗೂ ಇದೇ ವಿಚಾರಣೆ. ನಾನು ಬಂದವರಿಗೆಲ್ಲ ನಿಜವನ್ನೇ ಹೇಳಿದೆ: ಅಮೆರಿಕದ ಎಲ್ಕ್, ಹಗುರದ ಕೋವಿ, ಭಾರದ ತೋಟೆ, ರುಸ್ತಾಕಿನ ವಾದಿ. ಅವರು ಸಹಾನುಭೂತಿಯಿಂದ ತಲೆಯಾಡಿಸಿ, ಒಮ್ಮೆ ಹರಿಣಾಕ್ಷಿಯ ಕಡೆ ನೋಡಿ, ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಮದುಮಗನಂತೂ ನನ್ನ ಕಣ್ಣನ್ನೇ ನೋಡುತ್ತಾ ಧಾರೆಗೆ ಕೂತಿದ್ದ.

ಊಟವಾದ ಮೇಲೆ ಕೈತೊಳೆಯಲು ಹಿತ್ತಲಿಗೆ ಹೋದಾಗ, ನನ್ನ ಅತ್ತೆ ಹರಿಣಾಕ್ಷಿಯನ್ನು ಬದಿಗೆ ಕರೆದು ಸಿಟ್ಟಿನಲ್ಲಿ ಬುದ್ಧಿ ಹೇಳುತ್ತಿದ್ದುದು ಕೇಳಿಸಿತು.

“ಹೊಡೆದದ್ದು ಹೊಡೆದಿ ಮಗಾ, ನಾಲ್ಕು ಜನ ನೋಡುವ ಜಾಗಕ್ಕೆ ಹೊಡೆಯುದಾ?”

ಅಲ್ಲವೆಂದು ಹೆಂಡತಿ ಹೇಳಲಿ ಎಂದು ನಾನು ಒದ್ದೆ ಕೈಯಲ್ಲೇ ಕಾದು ನಿಂತೆ.

“ಇನ್ನು ನೋಡಿ ಹೊಡೀತೇನೆ ಅಮ್ಮ,” ಎಂದಳು ಹರಿಣಾಕ್ಷಿ.