ಕೂಲರಿನ ಒಡತಿ ಗುಲಾಬಿಯವರ ಸನ್ನಿಧಿಗೆ

ಸೊರಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಿಜಯಂಗೈದಿರುವ, ಎಂಟು ಕಾಲು, ಎಂಟು ಕಣ್ಣು ಹಾಗೂ ಮೊನ್ನೆಮೊನ್ನೆಯವರೆಗೆ ಒಂದು ಕೂಲರಿನ ಒಡತಿಯಾಗಿದ್ದ ಟರಾಂಟುಲಾ ಜೇಡ ಶ್ರೀಮತಿ ಗುಲಾಬಿಯವರ ಪಾದಗಳಿಗೆ, ಅಂದರೆ ಎಂಟೂ ಪಾದಗಳಿಗೆ, ಈ ಮನೆಯ ಹೆಸರಿಗಷ್ಟೇ ಯಜಮಾನನಾದ ಶ್ರೀಶೈಲಪ್ಪನ ಶರಣು ಶರಣಾರ್ಥಿಗಳು.

ಮಾನ್ಯರೇ,

ಸೊಸೆಯ ಜೊತೆ ಬಳುವಳಿಯಾಗಿ ಆಕಳು ಬಂದದ್ದನ್ನು, ಹೊಲಿಗೆ ಯಂತ್ರ ಬಂದದ್ದನ್ನು ಈ ಸೀಮೆಯವರು ಕಂಡಿದ್ದಾರೆ. ಅಂಗೈಯಗಲದ, ಮೈತುಂಬ ಕೂದಲಿನ ಜೇಡ ಬಂದದ್ದು ಮಾತ್ರ ನಮ್ಮ ಮನೆಗೇ ಮೊದಲು. ಪ್ರಾಣಿಶಾಸ್ತ್ರ ಓದಿದ ನಮ್ಮ ಸೊಸೆ ಉಮಾಶ್ರೀ ಅಕ್ಕಿಯ ಸೇರು ಒದ್ದು ಹೊಸ್ತಿಲು ದಾಟಿದ ಸಂಜೆಯೇ ತಮ್ಮ ಪೆಟ್ಟಿಗೆಯೂ ದಾಟಿತು. ಬೀಗರು ನಾಚಿ ನೆಲ ನೋಡಿದರು, ನಮ್ಮ ಮಗ ರವಿಕುಮಾರ ಸೂರು ನೋಡಿದ, ನನ್ನ ಹೆಂಡತಿ ಶಾಂತಾದೇವಿ ಮಾತ್ರ "ಬಂದಾರಂದ ಮ್ಯಾಲ ಮುಗೀತ, ಕುಂದ್ರಲಿ" ಎಂದು ಒಂದು ಕಟ್ಟೆ ಖಾಲಿ ಮಾಡಿಕೊಟ್ಟಳು. ತಾವು ಹುಟ್ಟಿದ್ದು ಪುಣೆಯಲ್ಲಾದರೂ ತಮ್ಮ ಹಿರಿಯರು ಚಿಲಿ ದೇಶದವರೆಂದೂ, ಕಾಗದಪತ್ರವೆಲ್ಲ ಸರಿಯಿದೆಯೆಂದೂ ಸೊಸೆ ತಿಳಿಸಿದಳು. ಆ ಚಿಲಿಯಲ್ಲಿ ಮಳೆ ಎಷ್ಟು, ಮಣ್ಣು ಎಂಥದು ಎಂದು ಕೇಳುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

ತಮ್ಮ ಊಟದ ವಿಷಯವನ್ನು ನಾನು ದೂರಾಗಿ ಬರೆಯುತ್ತಿಲ್ಲ, ದಾಖಲೆಗಾಗಿ ಬರೆಯುತ್ತಿದ್ದೇನೆ. ಲಿಂಗ ಕಟ್ಟಿದ ಮನೆಯಲ್ಲಿ ತತ್ತಿಯ ಹೆಸರೆತ್ತಿದರೂ ಬಾಯಿ ತೊಳೆಯಬೇಕು. ಅಂಥಲ್ಲಿ ತಮಗಾಗಿ ಜೀವಂತ ಹುಳುಗಳು ಬಸ್ಸಿನ ಪಾರ್ಸಲ್ಲಿನಲ್ಲಿ ಬರತೊಡಗಿದವು. ಅವುಗಳ ಡಬ್ಬಿಯನ್ನು ನನ್ನ ಗೆಳೆಯ, ಟೇಲರ್ ಇಸಾಕ ತನ್ನ ಅಂಗಡಿಯಲ್ಲಿ ಇಟ್ಟುಕೊಂಡ ಪುಣ್ಯಾತ್ಮ. ಹಗಲೆಲ್ಲ ಅವು ಕಿರ್ರೆನ್ನುವ ಸದ್ದಿಗೆ ಗಿರಾಕಿ ಹೇಳಿದ ಅಳತೆ ಅವನಿಗೆ ಕೇಳಿಸದೆ, ಊರಿನ ಅರ್ಧ ಮಂದಿ ಈಗ ಮೊಣಕಾಲು ಮುಟ್ಟುವ ಅಂಗಿ ತೊಟ್ಟು ತಿರುಗುತ್ತಿದ್ದಾರೆ.

ಆದರೆ ನನ್ನ ನಿಜವಾದ ಅಳಲು ಶುರುವಾಗುವುದು ಆಷಾಢದಿಂದ. ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗಬೇಕಾದದ್ದು ಪದ್ಧತಿ. ಹೋಗುವಾಗ ಅವಳು ಅತ್ತೆಯ ಕೈ ಹಿಡಿದು, "ಅತ್ಯಾರ, ಗುಲಾಬಿಗಿ ಏನೂ ಮಾಡಬ್ಯಾಡ್ರಿ, ಸುಮ್ಮ ಹಂಗ ಬಿಟ್ಟಬಿಡ್ರಿ" ಎಂದಳು. ಮಾನ್ಯರೇ, ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಇಡೀ ಜತ್ತ ತಾಲೂಕಿನಲ್ಲಿ ಈ ಮಾತಿಗೆ ಇರುವ ಅರ್ಥವೇ ಬೇರೆ. ಇಲ್ಲಿ ಬೀಗರು "ಏನೂ ಬ್ಯಾಡ್ರಿ" ಎಂದರೆ ಒಲೆ ಹೊತ್ತಿಸಬೇಕು, "ಸಾಕ್ರಿ" ಎಂದರೆ ಇನ್ನೆರಡು ರೊಟ್ಟಿ ಹಾಕಬೇಕು, ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಬಿಡಬೇಕು. ಶಾಂತಾದೇವಿ ಈ ವಿದ್ಯೆಯಲ್ಲಿ ಪಳಗಿದವಳು. ಸೊಸೆ ಸಂಕೋಚಕ್ಕೆ ಹಾಗೆ ಹೇಳಿದ್ದಾಳೆಂದು ತಿಳಿದು ಅವಳು ಸೆರಗು ಸಿಕ್ಕಿಸಿ ತಮ್ಮ ಉಪಚಾರಕ್ಕೆ ನಿಂತಳು.

ನಮ್ಮ ಕಡೆ ಉಪಚಾರವೆಂದರೆ ಮೊದಲು ನೀರು. ಟ್ಯಾಂಕರ್ ದಾರಿ ಕಾಯುವ ಊರಿನಲ್ಲಿ ತುಂಬಿದ ತಂಬಿಗೆಗಿಂತ ದೊಡ್ಡ ಮರ್ಯಾದೆ ಇಲ್ಲ. ಬೆಳಿಗ್ಗೆ ಅಂಗಳಕ್ಕೆ ಒಂದು ಚೊಂಬು ಹೊಡೆದರೆ ತಮ್ಮ ಮಣ್ಣಿಗೆ ಎರಡು ಚೊಂಬು, ಮಧ್ಯಾಹ್ನ ಪೆಟ್ಟಿಗೆಯ ಮೇಲೆ ಹಸಿ ಗೋಣಿಚೀಲ, ಸಂಜೆ ಮತ್ತೆ ನೀರು. ಇಷ್ಟು ಸಾಲದೆಂಬಂತೆ, ಮಳೆ ಬಾರದ ಆಷಾಢದ ಸೆಕೆಯಲ್ಲಿ ನನ್ನ ಮಂಚದ ತಲೆದೆಸೆಗಿದ್ದ ಮನೆಯ ಏಕೈಕ ಕೂಲರನ್ನು ಎಳೆದೊಯ್ದು ತಮ್ಮ ಕಡೆ ಮುಖ ಮಾಡಿ ನಿಲ್ಲಿಸಲಾಯಿತು. ನಾನು ತಕರಾರು ಎತ್ತಿದಾಗ, "ನೀವು ಇಲ್ಲೇ ಹುಟ್ಟಿದವರು, ರೂಢಿ ಐತಿ, ಅದು ಪರದೇಶಿ ಜೀವ" ಎಂಬ ತೀರ್ಪು ಬಂತು. ಬೀಸಣಿಕೆ ಹಿಡಿದು ಕೂತ ನಾನು ತಮ್ಮ ಭಾಗ್ಯವನ್ನು ಬಾಯ್ತುಂಬ ಹೊಗಳಿದೆ.

ತಾವು ಮಾಡಿದ್ದೇನು? ಗಾಜಿನ ಗೋಡೆ ಹತ್ತಿ, ಮುಚ್ಚಳಕ್ಕೆ ಅಂಟಿಕೊಂಡು, ಕೆಳಗಿಳಿಯಲೊಲ್ಲೆನೆಂದು ಹಟ ಹಿಡಿದಿರಿ. ಹುಳು ಹಾಕಿದರೆ ಮುಟ್ಟಲಿಲ್ಲ. ಸೊಸೆಯ ದಾರಿ ನೋಡುತ್ತಿದ್ದಾರೆಂದು ನೆರೆಮನೆಯ ಅಕ್ಕವ್ವ ಹೇಳಿದಳು, ಟಿ.ವಿ. ಕಾಣಲೆಂದು ಹತ್ತಿದ್ದಾರೆಂದು ರವಿಕುಮಾರ ಹೇಳಿದ, ಸೆಕೆ ಇನ್ನೂ ಆರಿಲ್ಲವೆಂದು ಶಾಂತಾದೇವಿ ಮತ್ತೊಂದು ಚೊಂಬು ಸುರಿದಳು. ತಾವು ದಿನದಿನಕ್ಕೆ ಸೊರಗಿದಿರಿ. ನಗೆಚಾಟಿಕೆ ಒತ್ತಟ್ಟಿಗಿಟ್ಟು ಹೇಳುತ್ತೇನೆ, ನನಗೆ ಭಯವಾಯಿತು. ನಂಬಿ ಬಿಟ್ಟುಹೋದ ಹುಡುಗಿ ತಿರುಗಿ ಬಂದಾಗ ಖಾಲಿ ಪೆಟ್ಟಿಗೆ ತೋರಿಸಿ ಯಾವ ಬಾಯಿಂದ ಮಾತಾಡುವುದು? ಶಾಂತಾದೇವಿಯೂ ಉಣ್ಣದೆ ಕೂತಳು, ಜೇಡವ್ವ ಕೆಳಗಿಳಿದರೆ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನಿಗೆ ನಡೆದು ಬರುವುದಾಗಿ ಹರಕೆ ಹೊತ್ತಳು.

ಆಗ ಒಂದು ಸಂಜೆ ತಮ್ಮ ಕಾಲುಗಳನ್ನು ನೋಡುತ್ತ ಕೂತೆ. ತಾವು ಗಾಜಿಗೆ ತುದಿಗಾಲನ್ನಷ್ಟೇ ಊರಿ, ಮೈ ಎಲ್ಲಿಗೂ ತಾಗದಂತೆ ಎತ್ತಿ ಹಿಡಿದು ನಿಂತಿದ್ದಿರಿ. ಆ ನಿಲುವು ನನಗೆ ಗುರುತಿನದು. ನೌಕರಿಯ ಹೊಸತರಲ್ಲಿ ನನ್ನನ್ನು ಕೊಂಕಣಕ್ಕೆ ವರ್ಗ ಮಾಡಿದ್ದರು; ಅಲ್ಲಿಯ ಮಳೆಗಾಲದಲ್ಲಿ ಹಾಸಿಗೆ ಹಸಿ, ಚಪ್ಪಲಿಗೆ ಬೂಷ್ಟು, ನೆಲಕ್ಕೆ ಕಾಲಿಟ್ಟರೆ ಜಿಗುಟು. ನಾನು ಟ್ರಂಕಿನ ಮೇಲೆ ಕಾಲು ಮಡಚಿ ಕೂತು, ಅನ್ನ ಸೇರದೆ, ನಮ್ಮೂರ ಕಲ್ಲು ಮರಡಿಯ ಒಣ ಗಾಳಿ ನೆನೆದು ಅತ್ತಿದ್ದೇನೆ. ಮನೆಯೊಡತಿ ಪಾಪ, ಬಯಲುಸೀಮೆಯವನಿಗೆ ನೀರಿನ ಆಸೆ ಇರುತ್ತದೆಂದು ಮತ್ತೊಂದು ಬಿಂದಿಗೆ ತಂದಿಡುತ್ತಿದ್ದಳು.

ತಕ್ಷಣ ಸೊಸೆಗೆ ಫೋನು ಮಾಡಿದೆ. ನೀರಿನ ಕಥೆ ಕೇಳಿ ಅವಳು ಅತ್ತಳೋ ನಕ್ಕಳೋ ತಿಳಿಯಲಿಲ್ಲ. "ಮಾವಾರ, ಅದರ ತವರೂ ನಮ್ಮ ಜತ್ತಿನಂಗ ಒಣಾ ನಾಡ್ರಿ. ಕುಡ್ಯಾಕ ಒಂದ ಬಟ್ಟಲ ನೀರ ಇದ್ರ ಸಾಕ, ಮಣ್ಣ ಮಾತ್ರ ಲಗೂನ ಒಣಗಸ್ರಿ" ಎಂದಳು. ಅಂದರೆ ಮಾನ್ಯರೇ, ಏನೊಂದೂ ಬದಲಿಸದೆ ತಮಗೆ ಒಗ್ಗುವ ತಾಲೂಕಿಗೇ ತಾವು ಬಂದಿದ್ದಿರಿ. ನಾವು ಪ್ರೀತಿಯಿಂದ ಅದನ್ನು ಕೊಂಕಣ ಮಾಡಿಟ್ಟಿದ್ದೆವು. ಸನಮಡಿ ಎಂಬ ಊರಿನಲ್ಲಿರುವ ನಮ್ಮ ಹೊಲದ ಬದುವಿನಿಂದ, ಔಷಧಿ ಹೊಡೆಯದ ಜಾಗದ ಮಣ್ಣು ತಂದೆ. ಅದರಲ್ಲಿ ಹುಳುಹುಪ್ಪಟೆ ಇರಬಾರದೆಂದು ಸೊಸೆ ಹೇಳಿದ್ದರಿಂದ ಶಾಂತಾದೇವಿ ರೊಟ್ಟಿಯ ಹಂಚಿನ ಮೇಲೆ ಹುರಿದು, ಆರಿಸಿ, ಪೆಟ್ಟಿಗೆಗೆ ಹಾಕಿದಳು. ಒಡೆದ ಗಡಿಗೆಯ ಚೂರೊಂದನ್ನು ಗೂಡಾಗಿ ಇಟ್ಟೆವು. ತಾವು ಒಂದು ಕಾಲು ಇಳಿಸಿ ಮಣ್ಣು ಮುಟ್ಟಿ ನೋಡಿದಿರಿ, ಇನ್ನೊಂದು ಇಳಿಸಿದಿರಿ, ಆಮೇಲೆ ಇಡೀ ಮೈ ಇಳಿಸಿ ಗಡಿಗೆಯ ಚೂರಿನಡಿ ಹೋಗಿ ಕೂತಿರಿ. ಶಾಂತಾದೇವಿ ಕಣ್ಣೊರೆಸಿಕೊಂಡಳು, ನಾನೂ.

ಆದ್ದರಿಂದ ತಮ್ಮಲ್ಲಿ ಕೆಲವು ಮನವಿಗಳು. ಗುಡ್ಡಾಪುರದ ಹರಕೆ ಹೊತ್ತವಳು ಅವಳು, ಅವಳ ಮೊಣಕಾಲು ನೋವಿನಿಂದಾಗಿ ನಡೆದವನು ನಾನು. ಮುಂದಿನ ಸಲ ದಯವಿಟ್ಟು ತಾವೇ ನಡೆಯಿರಿ, ಕಾಲಿಗಂತೂ ಕೊರತೆಯಿಲ್ಲ. ಒಂದು ಬಟ್ಟಲು ನೀರಿನಲ್ಲೇ ಸುಖವಾಗಿರುವ ಈ ತಾಲೂಕಿನ ಏಕಮಾತ್ರ ನಿವಾಸಿ ತಾವಾದ್ದರಿಂದ, ಊರಿನ ಕಂದಾಯ ನೋಡುವ ತಲಾಠಿಯವರಲ್ಲಿ ಮರಾಠಿಯಲ್ಲಿ ಅರ್ಜಿ ಬರೆದು, ಇದೇ ಊರಿನವರೆಂಬ ರಹಿವಾಸಿ ದಾಖಲೆ ಪಡೆದುಕೊಳ್ಳಿ. ಸಾಧ್ಯವಾದರೆ ಇಸಾಕನ ಅಂಗಡಿಯ ಹುಳುಗಳಿಗೆ ಮೌನವ್ರತ ಬೋಧಿಸಿ.

ಉಮಾಶ್ರೀ ಶ್ರಾವಣಕ್ಕೆ ಬಂದಳು. ಮೊದಲ ಊಟಕ್ಕೆ ಎರಡು ರೊಟ್ಟಿ ತಿಂದು "ಸಾಕ್ರಿ ಅತ್ಯಾರ" ಎಂದಳು. ಶಾಂತಾದೇವಿ ಮೂರನೆಯ ರೊಟ್ಟಿ ಹಿಡಿದ ಕೈ ಗಾಳಿಯಲ್ಲೇ ನಿಲ್ಲಿಸಿ, ಒಮ್ಮೆ ತಮ್ಮ ಪೆಟ್ಟಿಗೆಯ ಕಡೆ ನೋಡಿ, "ಖರೇನ ಸಾಕೇನವ್ವಾ?" ಎಂದು ಕೇಳಿದಳು. ಖರೆ ಎಂದಾಗ ರೊಟ್ಟಿ ಬುಟ್ಟಿಗೆ ಮರಳಿತು. ಈ ಮನೆಯಲ್ಲಿ ನಾನು ಅಂಥದ್ದನ್ನು ಕಂಡದ್ದು ಅದೇ ಮೊದಲು. ಅದಕ್ಕಾಗಿ ನಾನು ತಮಗೆ ಋಣಿ.

ಇಂತಿ,
ತಮ್ಮ ಎರಡೇ ಕಾಲಿನ ವಿಶ್ವಾಸಿ,
ಶ್ರೀಶೈಲಪ್ಪ, ಸೊರಡಿ

ತಾಜಾ ಕಲಂ: ಕೂಲರಿನ ವಿಷಯ ಮರೆತಿಲ್ಲ. ತಮಗೆ ಬೇಡವಾದ ಮೇಲೆ ಅದು ನನ್ನ ತಲೆದೆಸೆಗೆ ಮರಳುವುದೆಂದು ಮಂಚ ಸರಿಸಿ ಜಾಗ ಮಾಡಿದ್ದೆ. ಆದರೆ ಕೊಂಕಣದಲ್ಲಿ ನಾನು ಅತ್ತ ಕಥೆಯನ್ನು ಹೆಂಡತಿಗೆ ಹೇಳಿ ಕೆಟ್ಟೆ. "ಒಣಾ ನಾಡಿನ ಜೀವಕ್ಕ ತಂಪ ಒಗ್ಗೂದಿಲ್ಲ, ಆ ಗುಲಾಬಿಗೂ ಇಲ್ಲ, ನಿಮಗೂ ಇಲ್ಲ" ಎಂದು ಅವಳು ಕೂಲರನ್ನು ಹುಳು ಕಾಯುವ ಇಸಾಕನ ಅಂಗಡಿಗೆ ಕಳಿಸಿದ್ದಾಳೆ. ತಮ್ಮ ಗಡಿಗೆಯ ಚೂರಿನಡಿ ಇನ್ನೊಬ್ಬರಿಗೆ ಜಾಗವಿದ್ದರೆ ತಿಳಿಸಿ.