ಅರ್ಜಿಯಲ್ಲಿರುವ ಲ್ಯಾಬು

ಇದೆಲ್ಲ ನಡೆದದ್ದು ಈ ವರ್ಷದ ಸಂಕ್ರಾಂತಿಗೂ ಆಷಾಢಕ್ಕೂ ನಡುವೆ. ಸಣ್ಣ ಉದ್ಯಮಕ್ಕೆ ಸರ್ಕಾರದ ಸಹಾಯಧನದ ಸಾಲ ಕೇಳಿದವರಿಗೆ ಇಂಥವು ಆಗುತ್ತಲೇ ಇರುತ್ತವೆ ಎಂದು ಅನುಭವಸ್ಥರು ಹೇಳುತ್ತಾರೆ. ನನಗೆ ಆರು ತಿಂಗಳಲ್ಲಿ ನಾಲ್ಕು ಆದವು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಾನು ಓದಿದ್ದು ಬಿ.ಎಸ್ಸಿ., ರಸಾಯನಶಾಸ್ತ್ರ. ಮನೆ ಹರಿಹರದಲ್ಲಿ. ಕೆಲಸ ದಾವಣಗೆರೆಯಲ್ಲಿ, ವಿದ್ಯಾನಗರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಸಹಾಯಕಿ. ಬೆಳಿಗ್ಗೆ ಬ್ಯೂರೆಟ್‌ಗಳನ್ನು ತೊಳೆದು ಜೋಡಿಸುತ್ತೇನೆ. ಸಂಜೆ ಮತ್ತೆ ತೊಳೆದು ಎತ್ತಿಡುತ್ತೇನೆ. ನಡುವೆ ಅವನ್ನು ಬೇರೆಯವರು ಬಳಸುತ್ತಾರೆ. ನನಗೆ ಬೇಕಾದದ್ದು ಹರಿಹರದಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬು. ನಾನೇ ತೊಳೆದು ನಾನೇ ಬಳಸುವ ಬ್ಯೂರೆಟ್ ಇರುವಂಥದ್ದು.

೧. ಕಚ್ಚಾ ವಸ್ತು

ಅರ್ಜಿಯ ಜೊತೆ ಯೋಜನಾ ವರದಿ ಕೊಡಬೇಕು. ನಾನು ಹದಿನೈದು ದಿನ ಕೂತು ನಲವತ್ತೊಂದು ಪುಟ ಬರೆದೆ. ಯಾವ ರಾಸಾಯನಿಕ ತಿಂಗಳಿಗೆ ಎಷ್ಟು ಬೇಕು, ಯಾವ ಉಪಕರಣ ಎಲ್ಲಿ ಸಿಗುತ್ತದೆ, ಎಲ್ಲ ಇತ್ತು. ಅರ್ಜಿ ತೆಗೆದುಕೊಳ್ಳುವ ಕಚೇರಿಯ ಗುಮಾಸ್ತರು ಅದನ್ನು ಕೈಯಲ್ಲಿ ಹಿಡಿದು ತೂಕ ನೋಡಿದರು. ಓದಲಿಲ್ಲ.

“ಇದನ್ನ ಯಾರು ಬರೆದಿದ್ದು?”

“ನಾನೇ ಸರ್.”

“ಅದಕ್ಕೇ ಹಿಂಗೈತೆ. ಎದುರಿಗಿನ ಜೆರಾಕ್ಸ್ ಅಂಗಡಿಗೆ ಹೋಗವ್ವಾ. ಅಲ್ಲಿ ರೆಡಿ ಇರ್ತವೆ.”

ಹೋದೆ. ಜೆರಾಕ್ಸ್ ಅಂಗಡಿಯವರ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ವರದಿ, ಮಂಡಕ್ಕಿ ಭಟ್ಟಿಯದ್ದು. ಉಳಿದ ಎಲ್ಲ ಉದ್ಯಮಗಳನ್ನೂ ಅವರು ಅದರಿಂದಲೇ ತೆಗೆಯುತ್ತಿದ್ದರು. ನನ್ನ ಮುಂದೆ ನಿಂತಿದ್ದ ಎಸ್.ಎಸ್. ಬಡಾವಣೆಯ ಅಕ್ಕ ಬ್ಯೂಟಿ ಪಾರ್ಲರಿಗೆ ವರದಿ ಮಾಡಿಸಿಕೊಂಡು ಸಹಿ ಹಾಕುತ್ತಿದ್ದರು. ನಾನು ಪಕ್ಕದಿಂದ ಓದಿದೆ. ಕಚ್ಚಾ ವಸ್ತು: ಭತ್ತ, ಇಪ್ಪತ್ತು ಕ್ವಿಂಟಾಲ್.

“ಅಕ್ಕಾ, ಪಾರ್ಲರಿಗೆ ಭತ್ತ ಅಂತ ಐತೆ.”

ಅಕ್ಕ ಒಂದು ಕ್ಷಣ ನೋಡಿದರು. “ಇರ್ಲಿ ಬಿಡವ್ವಾ. ತಿದ್ದೋಕೆ ಹೋದ್ರೆ ಇನ್ನೇನು ಬಂದು ಕೂಡ್ತೈತೋ.”

ನನ್ನ ವರದಿಯಲ್ಲಿದ್ದ ಭತ್ತವನ್ನು ನಾನು ತಿದ್ದಿಸಿದೆ. ನನ್ನ ಅರ್ಜಿ ಎರಡು ಸಲ ವಾಪಸ್ ಬಂತು. ಅಕ್ಕನಿಗೆ ಮಾರ್ಚ್ ತಿಂಗಳಲ್ಲೇ ಮಂಜೂರಾಯಿತು.

೨. ರಿಂಗ್ ಆಟ

ಸಾಲ ಕೇಳಿದವರು ಹತ್ತು ದಿನ ತರಬೇತಿಗೆ ಹೋಗಬೇಕು. ನಾಲ್ಕನೆಯ ದಿನ ತರಬೇತುದಾರರು ನೆಲದ ಮೇಲೆ ಒಂದು ಗೂಟ ನಿಲ್ಲಿಸಿದರು. ಸೀಮೆಸುಣ್ಣದಲ್ಲಿ ಒಂದಡಿಯಿಂದ ಹತ್ತಡಿಯವರೆಗೆ ಗೆರೆ ಎಳೆದರು. ಪ್ರತಿಯೊಬ್ಬರಿಗೂ ನಾಲ್ಕು ರಿಂಗು. ಯಾವ ಗೆರೆಯ ಮೇಲೆ ನಿಲ್ಲಬೇಕು ಎಂಬುದು ಎಸೆಯುವವರ ಇಷ್ಟ. ದೂರದಿಂದ ಬಿದ್ದರೆ ಹೆಚ್ಚು ಅಂಕ. ಯಾರು ಎಷ್ಟು ಧೈರ್ಯ ಮಾಡುತ್ತಾರೆ ಎಂಬುದು ಇದರಿಂದ ತಿಳಿಯುತ್ತದಂತೆ.

ಮೊಬೈಲ್ ರಿಪೇರಿಯ ಹುಡುಗರೆಲ್ಲ ಹತ್ತಡಿಯಲ್ಲಿ ನಿಂತರು. ಒಂದೂ ಬೀಳಲಿಲ್ಲ. ನಾನು ರಿಂಗಿನ ತೂಕ, ಫ್ಯಾನಿನ ಗಾಳಿ ಎರಡನ್ನೂ ಲೆಕ್ಕ ಹಾಕಿ ಐದಡಿಯಲ್ಲಿ ನಿಂತೆ. ನನ್ನವೂ ಒಂದೂ ಬೀಳಲಿಲ್ಲ.

ಕುರಿ ಸಾಕಣೆಗೆ ಸಾಲ ಕೇಳಿದ್ದ ಲೋಕಿಕೆರೆಯ ಅಮ್ಮ ಎದ್ದರು. ಸೆರಗು ಸಿಕ್ಕಿಸಿಕೊಂಡರು. ಗೆರೆಗಳನ್ನೆಲ್ಲ ದಾಟಿ ಗೂಟದ ಹತ್ತಿರ ಹೋಗಿ, ಬಗ್ಗಿ, ನಾಲ್ಕೂ ರಿಂಗುಗಳನ್ನು ಕೈಯಿಂದಲೇ ಗೂಟಕ್ಕೆ ಹಾಕಿ ಬಂದು ಕೂತರು.

“ಹಂಗಲ್ಲಮ್ಮಾ. ಸ್ವಲ್ಪ ರಿಸ್ಕ್ ತಗೋಬೇಕು,” ಅಂದರು ತರಬೇತುದಾರರು.

“ಯಾಕ್ರಿ ಸರ್? ರಿಂಗು ಗೂಟಕ್ಕೆ ಬೀಳ್ಬೇಕೋ ಬ್ಯಾಡೋ?”

“ಬೀಳ್ಬೇಕು.”

“ಬಿದ್ದಾವಲ್ಲ. ನಿಮ್ಮ ಮಾತು ಕೇಳಿ ಕುರಿಗಳನ್ನ ಹತ್ತು ಅಡಿ ದೂರದಿಂದ ಹಟ್ಟಿಗೆ ಎಸೀಲೇನ್ರಿ?”

ತರಬೇತುದಾರರು ಊಟಕ್ಕೆ ಬಿಟ್ಟರು. ಗಂಟೆ ಆಗ ಹನ್ನೊಂದೂವರೆ.

೩. ಕೆಟಲ್

ಬ್ಯಾಂಕಿನಲ್ಲಿ ಮ್ಯಾನೇಜರ್ ನನ್ನ ಫೈಲನ್ನು ಮುಂದಿಟ್ಟುಕೊಂಡು ಕೇಳಿದರು: “ನೀರಿನಾಗೆ ಪರೀಕ್ಷೆ ಮಾಡೋದೇನೈತಮ್ಮ? ಕುಡಿದ್ರೆ ಗೊತ್ತಾಗಲ್ವಾ?”

“ಗೊತ್ತಾಗಲ್ಲ ಸರ್.”

“ನಾನು ಮೂರು ವರ್ಷದಿಂದ ಈ ಬ್ರಾಂಚಿನ ನೀರು ಕುಡೀತಿದೀನಿ. ಏನಾಗಿದೆ?”

ಅವರ ಹಿಂದೆ ಚಹಾಕ್ಕೆ ನೀರು ಕಾಯಿಸುವ ಕೆಟಲ್ ಇತ್ತು. ಅಪ್ಪಣೆ ಕೇಳಿ ಮುಚ್ಚಳ ತೆಗೆದೆ. ಒಳಗೆ ಬಿಳಿ ಪದರ, ಹಳೆ ಗೋಡೆಯ ಸುಣ್ಣದಷ್ಟು ದಪ್ಪ. ಉಗುರಿನಿಂದ ಕೆರೆದು ಒಂದು ಚೂರು ಟೇಬಲ್ಲಿನ ಮೇಲೆ ಇಟ್ಟೆ.

“ಇದೇನಿದು?”

“ಹೆಚ್ಚಿನಂಶ ಕ್ಯಾಲ್ಸಿಯಂ ಕಾರ್ಬೊನೇಟ್ ಸರ್. ನೀರು ಗಡಸು. ಎಷ್ಟು ಗಡಸು ಅನ್ನೋದನ್ನ ಪರೀಕ್ಷೆ ಮಾಡಿದ್ರೆ ಮಾತ್ರ ಹೇಳಬಹುದು.”

ಅವರು ಚೂರನ್ನು ನೋಡಿದರು. ಆಮೇಲೆ ತಮ್ಮ ಹೊಟ್ಟೆಯನ್ನು ನೋಡಿಕೊಂಡರು. “ಬಾಳ ಒಳ್ಳೆ ಕೆಲಸ ಮಾಡ್ತಿದೀಯಮ್ಮ. ಸಮಾಜಕ್ಕೆ ಇಂಥವರು ಬೇಕು. ಮುಂದಿನ ವಾರ ಬಾ.”

ಬಸ್ಸಿನಲ್ಲಿ ಮನೆಗೆ ಬರುವಾಗ ಮೊದಲ ಸಲ ಉಪಕರಣಗಳನ್ನು ಲ್ಯಾಬಿನ ಯಾವ ಗೋಡೆಗೆ ಇಡಬೇಕೆಂದು ಯೋಚಿಸಿದೆ. ಉತ್ತರದ ಗೋಡೆ ಎಂದು ತೀರ್ಮಾನಿಸಿದೆ. ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ.

ಮುಂದಿನ ವಾರ ಹೋದೆ. ಬ್ಯಾಂಕಿನಲ್ಲಿ ಕೆಲಸ ನಿಜವಾಗಿಯೂ ಬೇಗ ಆಗಿತ್ತು. ಗೋಡೆಗೆ ಹೊಸ ಫಿಲ್ಟರ್ ಬಂದಿತ್ತು. ಅದರ ವಾರಂಟಿ ಕಾರ್ಡನ್ನು ಹಾರದಂತೆ ನನ್ನ ಫೈಲಿನ ಕೆಳಗೆ ಇಟ್ಟಿದ್ದರು.

೪. ಪರಿಶೀಲನೆ

ಲ್ಯಾಬಿಗೆಂದು ಹರಿಹರದಲ್ಲಿ, ನಮ್ಮ ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ, ಒಂದು ಮಳಿಗೆ ನೋಡಿಟ್ಟಿದ್ದೆ. ಮಳಿಗೆಯ ಯಜಮಾನರು ಒಬ್ಬ ಅಜ್ಜ. ಕರಾರು ಬರೆದುಕೊಟ್ಟು, “ಬಾಡಿಗೆ ಸಾಲ ಬಂದ ಮ್ಯಾಲೆ ಕೊಡವ್ವಾ,” ಎಂದಿದ್ದರು. ದಾವಣಗೆರೆಯಿಂದ ಬಸ್ಸು ಬರುವಾಗ ಎಡಗಡೆಯ ಕಿಟಕಿಯಿಂದ ಅದರ ಶಟರು ಮೂರು ಸೆಕೆಂಡು ಕಾಣುತ್ತದೆ. ಎಡಗಡೆ ಸೀಟು ಸಿಗದಿದ್ದರೆ ನಾನು ಮುಂದಿನ ಬಸ್ಸಿಗೆ ಕಾಯುತ್ತೇನೆ. ಇದನ್ನು ಮನೆಯಲ್ಲಿ ಹೇಳಿಲ್ಲ.

ಆಷಾಢ ಹತ್ತಿರ ಬಂತು. ಅವ್ವನಿಗೆ ಚಿಂತೆ ಹತ್ತಿತು. “ಆಷಾಢದಾಗೆ ಏನೂ ಶುರು ಮಾಡಂಗಿಲ್ಲ. ಸಾಲ ಯಾವಾಗಾರ ಬರ್ಲಿ, ಪೂಜೆ ಮುಗಿಸಿಬಿಡಾಣ.”

“ಒಳಗೆ ಏನೂ ಇಲ್ಲ ಅವ್ವಾ.”

“ಪೂಜೆ ಮಾಡೋದು ಬಾಗ್ಲಿಗೆ. ಒಳಗಿಂದ ಯಾಕ ಬೇಕು?”

ಬಾಳೆಕಂದು ಕಟ್ಟಿದರು, ಮಾವಿನ ತೋರಣ ಕಟ್ಟಿದರು, ಕಾಯಿ ಒಡೆದರು. ಸೋದರಮಾವ ಹೇಳದೇ ಕೇಳದೇ ಲ್ಯಾಬಿನ ಬೋರ್ಡು ಬರೆಸಿ ತಂದು ಏರಿಸಿಬಿಟ್ಟರು. ಓಣಿಗೆಲ್ಲ ಮಂಡಕ್ಕಿ, ಮಿರ್ಚಿ ಹಂಚಿದ್ದಾಯಿತು. ಒಳಗೆ ಒಂದು ಟೇಬಲ್, ಒಂದು ಕುರ್ಚಿ, ಒಂದು ಕ್ಯಾಲೆಂಡರ್.

ಪೂಜೆಯಾದ ಎಂಟನೆಯ ದಿನ ದಾವಣಗೆರೆಯಿಂದ ಪರಿಶೀಲನೆಯ ಅಧಿಕಾರಿ ಬಂದರು. ಈ ಸಾಲ ಹೊಸದಾಗಿ ಶುರು ಮಾಡುವವರಿಗೆ ಮಾತ್ರ. ಆಗಲೇ ನಡೆಯುತ್ತಿರುವ ಅಂಗಡಿಗೆ ಇಲ್ಲ. ಅದನ್ನೇ ನೋಡಲು ಅವರು ಬಂದಿದ್ದರು. ಹೇಳಿದ್ದಕ್ಕಿಂತ ಅರ್ಧ ಗಂಟೆ ಮುಂಚೆ ಬಂದರು. ನಾನಿನ್ನೂ ಬಸ್ಸಿನಲ್ಲಿದ್ದೆ. ಮಳಿಗೆಯ ಎದುರು ಚಹಾದಂಗಡಿ ಇದೆ. ಅವರು ಅಲ್ಲಿ ಕೂತು ವಿಚಾರಿಸಿದರು. ಮುಂದಿನದನ್ನು ನನಗೆ ಹೇಳಿದ್ದು ಅಧಿಕಾರಿಯವರೇ.

“ಆ ಲ್ಯಾಬು ನಡೀತೈತೇನ್ರಿ?”

ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ಹೊರಗಿನವರು ಬಂದು ನಮ್ಮ ಹುಡುಗಿಯ ಬಗ್ಗೆ ಕೇಳಿದರೆ ಒಳ್ಳೆಯದನ್ನೇ ಹೇಳಬೇಕು.

“ನಡೀತೈತೇನು ಅಂತೀರಲ್ಲ! ಜನ ಸಾಲು ನಿಲ್ತಾರ್ರೀ,” ಅಂದರು ಚಹಾದಂಗಡಿಯವರು.

ಪಕ್ಕದ ಟೇಲರ್ ಅಕ್ಕ ಹೊಲಿಗೆ ಬಿಟ್ಟು ಎದ್ದು ಬಂದರು. “ನಮ್ಮ ಮನಿ ಬೋರಿನ ನೀರು ಟೆಸ್ಟ್ ಮಾಡಿಕೊಟ್ಟಾಳ್ರಿ. ಅವತ್ತಿಂದ ನಮ್ಮ ಅತ್ತಿಯ ಮಂಡಿನೋವು ಹೋಗೈತೆ.”

ಅಜ್ಜ ಎಲ್ಲರಿಗಿಂತ ಒಂದು ಕೈ ಮೇಲೆ. “ಎರಡು ವರ್ಷ ಆತ್ರಿ ನಡೆಸಾಕತ್ತು. ಒಂದು ತಿಂಗಳೂ ಬಾಡಿಗೆ ತಪ್ಪಿಲ್ಲ.”

ನಾನು ಬಂದಾಗ ಅಧಿಕಾರಿ ಬರೆದು ಮುಗಿಸಿದ್ದರು: ಘಟಕ ಈಗಾಗಲೇ ಚಾಲ್ತಿಯಲ್ಲಿದೆ, ಅರ್ಹವಲ್ಲ.

ನಾನು ಬೀಗ ತೆಗೆದೆ. ಶಟರು ಎತ್ತಿದೆ. ಅವರು ಟೇಬಲ್ ನೋಡಿದರು, ಕುರ್ಚಿ ನೋಡಿದರು, ಕ್ಯಾಲೆಂಡರ್ ನೋಡಿದರು.

“ಸಾಲು ನಿಲ್ತಾರಲ್ಲ, ಅವರಿಗೆ ಏನು ತೋರಿಸ್ತೀಯಮ್ಮ? ಕ್ಯಾಲೆಂಡರಾ?”

“ಇನ್ನೂ ಶುರು ಮಾಡಿಲ್ಲ ಸರ್. ಸಾಲ ಬಂದ್ರೆ ಮಾಡ್ತೀನಿ. ಬರದಿದ್ರೆ ಇಲ್ಲ.”

ಅವರು ಬರೆದದ್ದನ್ನು ಹೊಡೆದು ಹಾಕಿದರು. “ಹಂಗಾದ್ರೆ ಓಣಿಯವರು ಇದು ನಡೀತಿಲ್ಲ ಅಂತ ಬರೆದುಕೊಡ್ಲಿ.”

ವಿಷಯ ತಿಳಿದ ಕೂಡಲೇ ಓಣಿ ಅಷ್ಟೇ ಉತ್ಸಾಹದಿಂದ ಇನ್ನೊಂದು ಕಡೆಗೆ ತಿರುಗಿತು.

“ಒಂದು ನರಪಿಳ್ಳೆನೂ ಬರಂಗಿಲ್ರೀ ಇಲ್ಲಿ!” ಅಂದರು ಚಹಾದಂಗಡಿಯವರು.

“ಅತ್ತಿಯ ಮಂಡಿನೋವು?” ಎಂದು ಅಧಿಕಾರಿ ಕೇಳಿದರು.

“ಹಂಗೇ ಐತ್ರಿ. ಬೇಕಾದ್ರೆ ಕರೀತೀನಿ, ಕುಂಟಿ ತೋರಿಸ್ತಾರೆ,” ಅಂದರು ಟೇಲರ್ ಅಕ್ಕ.

ಅಜ್ಜ ಎದೆ ತಟ್ಟಿಕೊಂಡರು. “ಈ ಹುಡುಗಿ ಯಾರು ಅಂತಾನೇ ನನಗೆ ಗೊತ್ತಿಲ್ರೀ! ಮಳಿಗೆ ಬಾಡಿಗೆಗೇ ಕೊಟ್ಟಿಲ್ಲ!”

“ಅಜ್ಜಾ, ಕರಾರು ಫೈಲಿನಾಗೈತೆ,” ಎಂದು ಕಿವಿಯಲ್ಲಿ ಹೇಳಿದೆ.

“ಕರಾರಿಗೆ ಮಾತ್ರ ಕೊಟ್ಟೀನ್ರಿ,” ಅಂದರು ಅಜ್ಜ.

ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. ಅವರು ಬಂದಮೇಲೆ ನಕ್ಕದ್ದು ಅದೇ ಮೊದಲು. ಮಹಜರು ಬರೆದರು. ಎಲ್ಲರೂ ಸಹಿ ಹಾಕಿದರು. “ಕಳಿಸ್ತೀನಮ್ಮ. ಮುಂದಿನದು ಮೇಲಿನವರ ಕೈಯಾಗೈತೆ,” ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಟೇಲರ್ ಅಕ್ಕ ಶಟರಿನ ಮುಂದೆ ಒಂದು ಬಾಟಲಿ ಹಿಡಿದು ನಿಂತಿದ್ದರು. ಒಳಗೆ ಅವರ ಬೋರಿನ ನೀರು.

“ಅಕ್ಕಾ, ಇನ್ನೂ ಶುರುವಾಗಿಲ್ಲ.”

“ಗೊತ್ತೈತೆ. ನಾನೇ ಸಹಿ ಹಾಕೀನಲ್ಲ. ಇದು ಪಾಳಿಗೆ. ಶುರುವಾದ ಮ್ಯಾಲೆ ಮೊದಲು ನಮ್ಮದು ನೋಡು.”

ಅಷ್ಟು ದಿನ ಇಟ್ಟ ನೀರು ಪರೀಕ್ಷೆಗೆ ಬರುವುದಿಲ್ಲ. ಆದರೂ ಶಟರು ಎತ್ತಿ ಬಾಟಲಿಯನ್ನು ಉತ್ತರದ ಗೋಡೆಗೆ ಇಟ್ಟೆ. ಹೆಸರು, ತಾರೀಕು ಬರೆದು ಚೀಟಿ ಅಂಟಿಸಿದೆ. ಸಂಜೆ ಬಂದಾಗ ಮೆಟ್ಟಿಲ ಮೇಲೆ ಇನ್ನೂ ನಾಲ್ಕು ಇದ್ದವು. ಆಮೇಲೆ ದಿನವೂ ಒಂದೋ ಎರಡೋ ಬರುತ್ತಿವೆ. ಎಲ್ಲಕ್ಕೂ ಚೀಟಿ ಅಂಟಿಸುತ್ತೇನೆ.

ಮಂಜೂರಾತಿ ಇನ್ನೂ ಬಂದಿಲ್ಲ. ಬಾಟಲಿಗಳು ಹದಿನೇಳು.