ಕುಬಿಹಾಳದ ಮೇಜರ್ ಸಾಹೇಬರ ವಾರಸಾ

ಸೈನ್ಯಕ್ಕೆ ಅಧಿಕಾರಿಯೊಬ್ಬನನ್ನು ಕೊಟ್ಟ ಊರಿಗೆ ಮಾತ್ರ ಬಸ್ಸು ಮಂಜೂರು ಮಾಡತಕ್ಕದ್ದು ಎಂದು ೧೯೭೪ರ ಏಪ್ರಿಲ್‌ನಲ್ಲಿ ಆದೇಶವಾಯಿತು. ಯಾವ ಸೈನ್ಯ, ಯಾವ ಶತಮಾನ ಎಂಬುದನ್ನು ಅದರಲ್ಲಿ ನಮೂದಿಸಿರಲಿಲ್ಲ.

ಕುಬಿಹಾಳದ ಪಂಚಾಯತಿ ಕಾರಕೂನ ಮಡಿವಾಳೆಪ್ಪನಿಗೆ ಈ ಬಸ್ಸು ಬೇಕೇ ಬೇಕಾಗಿತ್ತು. ಮಗಳು ರೇವವ್ವ ಏಳನೆಯ ಇಯತ್ತೆ ಪಾಸಾಗಿದ್ದಳು. ಹೈಸ್ಕೂಲು ಇದ್ದದ್ದು ಕುಂದಗೋಳದಲ್ಲಿ. ಮಳೆ ಬಿತ್ತೆಂದರೆ ಹಾದಿಯ ಎರೆಮಣ್ಣು ಎತ್ತನ್ನೂ ಹಿಡಿದು ನಿಲ್ಲಿಸುತ್ತಿತ್ತು. “ಹೆಣ್ಣಹುಡುಗಿಗೆ ಏಳನೇತ್ತೆ ಭಾಳಾತು, ಬಿಡಸು,” ಎಂದಿದ್ದರು ಚೇರ್ಮನ್ ಈರಬಸಪ್ಪನವರು. ಆ ಮಾತು ಕೇಳಿದಂದಿನಿಂದ ಮಡಿವಾಳೆಪ್ಪ ಸೈನ್ಯದ ಅಧಿಕಾರಿಯೊಬ್ಬನನ್ನು ಹುಡುಕತೊಡಗಿದ.

ಊರೆಲ್ಲ ಹುಡುಕಿದರೂ ಸಿಕ್ಕವನು ಒಬ್ಬ ಹವಾಲ್ದಾರ. ಅಧಿಕಾರಿ ಸಿಕ್ಕಿದ್ದು ಶಿದ್ಲಿಂಗಪ್ಪ ಮಾಸ್ತರರ ಹಳೆಯ ಇತಿಹಾಸ ಪುಸ್ತಕದಲ್ಲಿ. ಜರ್ಮನರ ಪ್ರಶಿಯಾ ದೇಶದ ಮೇಜರ್, ಜನನ ೧೭೨೨, ಹೆಸರು ‘ಫಾನ್ ಕುಬಿಹಾ’. ಮುಂದಿನ ಅಕ್ಷರವನ್ನು ಒರಲಿಹುಳು ತಿಂದಿತ್ತು.

“ಫಾನ್ ಅಂದ್ರ ಏನ್ರಿ ಮಾಸ್ತರ?”

“ಆ ಊರಾಂವ ಅಂತ. ನಮ್ಮಲ್ಲಿ ಊರ ಹೆಸರ ಅಡ್ಡಹೆಸರಾಗಿ ಬರೂದಿಲ್ಲೇನು, ಹಂಗ.”

“ಹಂಗಾರ ಕುಬಿಹಾಳದಾಂವ!”

“ಒರಲಿ ತಿಂದದ್ದು ‘ಳ’ ಅಲ್ಲ ಅನ್ನಾಕ ಒರಲಿ ಬರಬೇಕು,” ಎಂದರು ಮಾಸ್ತರರು.

ಮಡಿವಾಳೆಪ್ಪ ಪುಸ್ತಕ ನೋಡಿಕೊಂಡು ಅರ್ಜಿ ಬರೆದ. ಸದರಿಯವರು ಹದಿನಾಲ್ಕನೆಯ ವಯಸ್ಸಿಗೆ ಸೇವೆಗೆ ಸೇರಿದ್ದು, ಎರಡು ಸಲ ಕುದುರೆಯಿಂದ ಬಿದ್ದದ್ದು, ಎರಡೂ ಸಲ ಬಡ್ತಿ ಪಡೆದದ್ದು, ಐವತ್ತಾರನೆಯ ವಯಸ್ಸಿನಲ್ಲಿ, ಎರಡೂ ಕಡೆಯ ಸೈನಿಕರು ಗುಂಡು ಹಾರಿಸುವುದನ್ನು ಬಿಟ್ಟು ಹೊಟ್ಟೆಗಾಗಿ ಬಟಾಟಿ ಅಗೆದ ಯುದ್ಧದಲ್ಲಿ ಪಾಲ್ಗೊಂಡದ್ದು, ಎಲ್ಲವನ್ನೂ ಕಾಣಿಸಿದ.

ತಾಲೂಕು ಕಚೇರಿಯ ಶಿರಸ್ತೇದಾರರು ಕನ್ನಡಕ ಏರಿಸಿದರು.

“ಪ್ರಶಿಯಾ ಯಾವ ತಾಲೂಕಿನಾಗ ಬರ್ತೈತಿ?”

“ಈಗ ಇಲ್ರಿ. ತಗದಾರ.”

“ಐವತ್ತಾರನೇ ಇಸ್ವಿ ರಾಜ್ಯ ಪುನರ್ವಿಂಗಡಣಿ ಒಳಗ ಹೋಗಿರಬೇಕು,” ಎಂದು ಅವರು ಬದಿಯಲ್ಲಿ ಷರಾ ಬರೆದರು. ಬಟಾಟಿಯ ಸಾಲಿಗೆ ಬಂದಾಗ ಮುಖ ಅರಳಿತು. “ಬಟಾಟಿ ಸಲುವಾಗಿ ಬಂದೂಕ ಕೆಳಗ ಇಟ್ಟಾನಂದ್ರ ಇಂವ ಅಗದಿ ನಮ್ಮ ಕಡ್ಯಾಂವನ!”

ಬಸ್ಸು ಮಂಜೂರಾಯಿತು. ಷರತ್ತು ಒಂದೇ: ‘ಸದರಿ ಬಸ್ಸಿನಲ್ಲಿ ಅಧಿಕಾರಿಯು ಸ್ವತಃ ಪ್ರಯಾಣಿಸತಕ್ಕದ್ದು. ತಪ್ಪಿದಲ್ಲಿ ಅವರ ವಾರಸುದಾರರು. ಇಬ್ಬರೂ ಇಲ್ಲದ ದಿನ ಬಸ್ಸು ಹೊರಡತಕ್ಕದ್ದಲ್ಲ.’

ಮಡಿವಾಳೆಪ್ಪ ವಾರಸಾ ಕಾಲಮಿನಲ್ಲಿ ರೇವವ್ವನ ಹೆಸರು ಬರೆದ.

“ಮೇಜರ್‌ಗೂ ಈಕೀಗೂ ಸಂಬಂಧ?”

“ಒಂದ ಊರವರ್ರಿ.”

“ಸಾಕು,” ಎಂದು ಶಿರಸ್ತೇದಾರರು ಶಿಕ್ಕಾ ಒತ್ತಿದರು.

ಜೂನ್‌ನಿಂದ ಬಸ್ಸು ಓಡಿತು. ದಿನಾ ಮುಂಜಾನೆ ಕಂಡಕ್ಟರ್ ದಾವೂದಸಾಬ ಬಾಗಿಲಲ್ಲಿ ನಿಂತು ಕೂಗುತ್ತಿದ್ದ: “ಮೇಜರ್ ಸಾಹೇಬ್ರು ಬಂದಾರೇನ್ರಿ?”

“ಇಲ್ರೀ,” ಎನ್ನುತ್ತಿತ್ತು ಬಸ್ಸೆಲ್ಲ.

“ವಾರಸದಾರ್ರು?”

“ಜಡಿ ಹಾಕ್ಕೊಳ್ಳಾಕತ್ತಾರ!”

ಎರಡನೆಯ ಜಡೆ ಮುಗಿಯುವವರೆಗೆ ಬಸ್ಸು ಕಾಯುತ್ತಿತ್ತು. ಒಮ್ಮೆ ರೇವವ್ವನಿಗೆ ಜ್ವರ ಬಂದಾಗ ಒಂದೇ ದಿನ ಹನ್ನೊಂದು ಮನೆಯಿಂದ ಕಷಾಯ ಬಂತು. ಕುಡಿದವಳು ಮಡಿವಾಳೆಪ್ಪನ ಹೆಂಡತಿ. ಹುಡುಗಿ ವಾಸನೆಗೇ ಎದ್ದು ಬಸ್ಸು ಹತ್ತಿದಳು.

ಮೂರು ವರ್ಷಕ್ಕೆ ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ಊರಿಗೆ ಗಾಬರಿಯಾಯಿತು. ಪಂಚಾಯತಿ ತುರ್ತುಸಭೆ ಕರೆದು, ಅವಳು ಕಾಲೇಜು ಕಲಿಯತಕ್ಕದ್ದೆಂದೂ ಬಸ್ಸನ್ನು ಹುಬ್ಬಳ್ಳಿಯವರೆಗೆ ಬೆಳೆಸತಕ್ಕದ್ದೆಂದೂ ಠರಾವು ಮಾಡಿತು. ಸೂಚಿಸಿದವರು ಈರಬಸಪ್ಪನವರು. ಅವರ ಮೆಣಸಿನಕಾಯಿ ಚೀಲಗಳು ಈಗ ಆ ಬಸ್ಸಿನ ಮೇಲೆಯೇ ಪೇಟೆಗೆ ಹೋಗುತ್ತಿದ್ದವು. ಮಡಿವಾಳೆಪ್ಪ ಠರಾವು ಬರೆದುಕೊಳ್ಳುವಾಗ ಕಣ್ಣು ಮಂಜಾಗಿ ಎರಡು ಸಲ ಶಾಯಿ ಚೆಲ್ಲಿದ.

ಆ ವರ್ಷವೇ ತಂಬೂರ ಎಂಬ ಊರಿನಿಂದ ಹೆಣ್ಣು ನೋಡಲು ಬಂದರು. ಅವರನ್ನು ಮನೆಯ ಕಟ್ಟೆಯಲ್ಲೇ ತಡೆದವರೂ ಈರಬಸಪ್ಪನವರೇ.

“ಈಗ ಆಗೂದಿಲ್ರಿ. ಹುಡುಗಿ ಇನ್ನೂ ಸರ್ವಿಸಿನಾಗ ಅದಾಳ.”

ಗಂಡಿನ ಕಡೆಯವರು ಅದು ಸರಿಯೆಂದು ತಲೆಯಾಡಿಸಿ, ಅದೇ ಬಸ್ಸು ಹತ್ತಿ, ರೇವವ್ವ ಬರುವವರೆಗೆ ಕಾಯುತ್ತ ಕುಳಿತರು.